ಬ್ಯಾರನ್ ಒಲೆ ಆರಲಿಲ್ಲ

ಗಂಡನನ್ನು ಮಣ್ಣು ಮಾಡಿದ ಮಾರನೆಯ ದಿನವೇ ಸರ್ವಮಂಗಳ ಒಬ್ಬರೇ ಬಸ್ಸು ಹತ್ತಿ ಹುಣಸೂರಿಗೆ ಬಂದರು. ನನ್ನ ಲೈಬ್ರರಿಯ ಬಾಗಿಲಲ್ಲಿ ಅವರನ್ನು ಕಂಡಾಗ, ಓದಿದ ಪುಸ್ತಕ ಹಿಂತಿರುಗಿಸಲು ಬಂದಿದ್ದಾರೆ ಎಂದುಕೊಂಡೆ. ಆಮೇಲೆ ಬಳೆಯಿಲ್ಲದ ಕೈ ಕಣ್ಣಿಗೆ ಬಿತ್ತು. ಎದ್ದು ನನ್ನ ಕುರ್ಚಿಯನ್ನೇ ಅವರಿಗೆ ಕೊಟ್ಟೆ.

ಸಾವಿನ ಸುದ್ದಿ ಆಗಲೇ ಹುಣಸೂರಿಗೂ ಮುಟ್ಟಿತ್ತು. ಪಿರಿಯಾಪಟ್ಟಣದಾಚೆಯ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ಅವರ ಗಂಡ ಕಂಠಪ್ಪನನ್ನು ಅವನದೇ ಬ್ಯಾರನ್ ಮುಂದೆ ಯಾರೋ ಸೌದೆಯಿಂದ ತಲೆಗೆ ಹೊಡೆದು ಕೊಂದಿದ್ದರು. ಬ್ಯಾರನ್ ಎಂದರೆ ಹೊಗೆಸೊಪ್ಪಿನ ಹಸಿ ಎಲೆಗೆ ಕಾವು ಕೊಟ್ಟು ಹದ ಮಾಡುವ, ಮಣ್ಣಿನ ಗೋಡೆಯ ಎತ್ತರದ ಮನೆ. ಅದರ ಒಲೆ ಹೊರಗಡೆ ಚಪ್ಪರದ ಕೆಳಗಿರುತ್ತದೆ. ಒಳಗೆ ಎಲೆ ತೂಗುಹಾಕಿದ ಮೇಲೆ ಹದವಾಗುವ ತನಕ ಹಗಲಿರುಳೂ ಆ ಬೆಂಕಿ ಆರುವಂತಿಲ್ಲ. ಬೆಂಕಿ ಕಾಯುವುದಕ್ಕೆ ಕಂಠಪ್ಪ ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಯಿಂದ ಜೋಗಯ್ಯ ಎಂಬುವನನ್ನು ಕರೆದುಕೊಂಡು ಬಂದಿದ್ದ. ಕೊಲೆಯಾದ ಸಂಜೆಯೇ ಜೋಗಯ್ಯ ಊರು ಬಿಟ್ಟಿದ್ದ. ಮಾರನೆಯ ದಿನ ಹಾಡಿಯ ದಾರಿಯಲ್ಲಿರುವ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಟೀ ಅಂಗಡಿಯ ಬೆಂಚಿನ ಮೇಲೆ ಮಲಗಿದ್ದವನನ್ನು ಪೊಲೀಸರು ಎಬ್ಬಿಸಿ ಹಿಡಿದು ತಂದರು. ಅಲ್ಲಿಗೆ ಊರಿನವರ ಪಾಲಿಗೆ ಕತೆ ಮುಗಿದಿತ್ತು.

ಸರ್ವಮಂಗಳ ಅವರ ಪಾಲಿಗೆ ಮುಗಿದಿರಲಿಲ್ಲ. "ಜೋಗಯ್ಯ ಮಾಡಿಲ್ಲ ಕಣ್ರೀ ಸೋಮಯ್ಯನೋರೆ. ನಿಮ್ಮ ಇನ್ಸ್‌ಪೆಕ್ಟ್ರನ್ನ ಕರೀರಿ," ಎಂದರು.

ನಮ್ಮ ಇನ್ಸ್‌ಪೆಕ್ಟರು ಎಂದರೆ ಚನ್ನಬಸವಣ್ಣನವರು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಅವರು ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲವೇ ಅಲ್ಲ. ಸಂತೆ ಸಂತೆ ಸುತ್ತಿ ತಕ್ಕಡಿ, ಪಡಿ, ಸೇರುಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಮೋಸ ಹಿಡಿಯುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ. ಅವರು ಬಿಡಿಸಿದ ನಾಲ್ಕಾರು ಪ್ರಕರಣಗಳನ್ನು ನಾನು ಪತ್ತೇದಾರಿ ಕಾದಂಬರಿ ಮಾಡಿ ಮೈಸೂರಿನಲ್ಲಿ ಅಚ್ಚು ಹಾಕಿಸಿದ್ದೆ. ನನ್ನ ಪುಸ್ತಕಗಳಲ್ಲಿ ಕೊಲೆಗಾರ ಯಾವಾಗಲೂ ಹೊರಗಿನವನು, ಕೆನ್ನೆಯ ಮೇಲೆ ಗಾಯದ ಗುರುತಿನವನು. ಕೊನೆಗೆ ಅವನು ಬೆಟ್ಟದಿಂದ ಉರುಳಿ ಸಾಯುತ್ತಾನೆ, ಮನೆಯವರೆಲ್ಲ ಮದುವೆ ಊಟಕ್ಕೆ ಕೂರುತ್ತಾರೆ. ಪ್ರಕಾಶಕರಿಗೆ ಅದೇ ಬೇಕು, ಓದುಗರಿಗೂ ಅದೇ ಬೇಕು, ನನಗೂ ಅದೇ ಇಷ್ಟ. ಚನ್ನಬಸವಣ್ಣನವರಿಗೆ ಮಾತ್ರ ಹಿಡಿಸುತ್ತಿರಲಿಲ್ಲ. ಒಬ್ಬ ಸತ್ತ ಮನೆಯಲ್ಲಿ ಯಾರಿಗೂ ಏನೂ ನಷ್ಟವಾಗದ ಕತೆ ಕಳ್ಳ ತೂಕದ ಕಲ್ಲಿನ ಹಾಗೆ, ನೋಡಲು ಸರಿಯಾಗಿಯೇ ಇರುತ್ತದೆ ಎನ್ನುತ್ತಿದ್ದರು.

ಅವರು ಬಂದು ಕೂತ ಮೇಲೆ ಸರ್ವಮಂಗಳ ನಡೆದದ್ದನ್ನು ಹೇಳಿದರು. ಅವರು ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ, ಏಕೆಂದರೆ ಉತ್ತರವೆಲ್ಲ ಅದರಲ್ಲೇ ಇತ್ತು.

ಆ ಸಂಜೆ ಕಂಠಪ್ಪ ಜೋಗಯ್ಯನ ಮೇಲೆ ರೇಗಿ, ಬೆಂಕಿ ನಾನೇ ನೋಡಿಕೊಳ್ಳುತ್ತೇನೆ, ನೀನು ಹಾಡಿಗೆ ಹೋಗು ಎಂದು ಓಡಿಸಿದ. ಊಟಕ್ಕೂ ಮನೆಗೆ ಬರಲಿಲ್ಲ. ಹೊಲದ ಕೊನೆಯಲ್ಲಿದ್ದ ಬ್ಯಾರನ್ ಹತ್ತಿರವೇ ಮಲಗುವ ರೂಢಿ ಅವನಿಗಿದ್ದುದರಿಂದ ಯಾರೂ ಹುಡುಕಲಿಲ್ಲ. ಸರ್ವಮಂಗಳ ಅತ್ತೆ ತಿಮ್ಮಮ್ಮನವರ ಪಕ್ಕದಲ್ಲಿ ಮಲಗಿದರು. ಬೆಳಕು ಹರಿಯುವಾಗ ಕಾಫಿ ತೆಗೆದುಕೊಂಡು ಹೋದರೆ ಗಂಡ ಚಪ್ಪರದ ಕೆಳಗೆ ಗೋಡೆ ಬದಿಯಲ್ಲಿ ಬಿದ್ದಿದ್ದ. ರಕ್ತ ಕಪ್ಪಾಗಿತ್ತು, ಮೈ ತಣ್ಣಗಾಗಿ ಸೆಟೆದಿತ್ತು. ಒಲೆಯಲ್ಲಿ ಬೆಂಕಿ ಚೆನ್ನಾಗಿ ಉರಿಯುತ್ತಿತ್ತು. ಅವರ ಕೂಗು ಕೇಳಿ ಮೊದಲು ಬಂದವನು ಪಕ್ಕದ ಹೊಲದ ಅಂಕಯ್ಯ. ಆಮೇಲೆ ಸಬ್ ಇನ್ಸ್‌ಪೆಕ್ಟರ್ ಚಾಮಯ್ಯ ಬಂದರು. ಆ ಬೆನ್ನಿಗೇ ಕೆ.ಆರ್. ನಗರದಿಂದ ಸರ್ವಮಂಗಳ ಅವರ ತಮ್ಮ ವೀರಭದ್ರಸ್ವಾಮಿ ಬಂದ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವರು ಈ ಅಕ್ಕನೇ. ಈಗ ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ.

"ಬ್ಯಾರನ್ ತುಂಬ್ಸೋಕೆ ಬಂದು ಕೈ ಹಾಕ್ದ, ಎಲೆ ಇನ್ನೂ ಹಸುರಾಗಿದ್ದಂಗೇ ಗಿರಣಿಗೆ ಹೊರಟೋದ. ಆಮೇಲೆ ಅವತ್ತೇ ಬಂದದ್ದು," ಎಂದರು ಸರ್ವಮಂಗಳ. "ಅವನು ಬರದೇ ಇದ್ದಿದ್ರೆ ಆ ಎಲೆನೂ ಹೋಗ್ತಿತ್ತು. ನಾವೆಲ್ಲ ಹೆಣದ ಮುಂದೆ ಬಿದ್ದಿದ್ವಿ. ರಸ್ತೇಲಿ ಯಾರೋ ಸುದ್ದಿ ಹೇಳಿದ್ರಂತೆ, ಅಲ್ಲಿಂದ್ಲೇ ಕೂಗ್ತಾ ಬಂದ, ಬೆಂಕಿ ಎಳೀರ್ಲಾ, ದಂಟು ಒಣಗೈತೆ, ಇನ್ನು ಉರಿದ್ರೆ ಎಲೆ ಕೆಂಪಾಯ್ತದೆ ಅಂತ. ಅಂತಾ ದುಃಖದಲ್ಲೂ ಅಕ್ಕನ ಬದುಕು ನೆನೆಸ್ಕಂಡ ಕಣ್ರೀ."

ನನ್ನ ಕಣ್ಣು ಒದ್ದೆಯಾಯಿತು. ಇಂಥ ತಮ್ಮ ಇದ್ದರೆ ಸಾಕು ಎಂದೆ. ಚನ್ನಬಸವಣ್ಣನವರು ಸರ್ವಮಂಗಳ ಅವರ ಎಡಗೈ ಮಣಿಕಟ್ಟಿಗೆ ಸುತ್ತಿದ್ದ ಅರಿಶಿನದ ಬಟ್ಟೆಯನ್ನು ನೋಡುತ್ತಿದ್ದರು. ಏನಾಯಿತು ತಾಯಿ ಎಂದು ಕೇಳಿದರೆ, ಬಿಸಿ ಪಾತ್ರೆ ತಾಗಿತು ಎಂದು ಸೆರಗು ಎಳೆದುಕೊಂಡರು.

"ನಾನು ಅರ್ಧ ದಾರೀಲಿ ನಿಲ್ಲೋನಲ್ಲ," ಎಂದರು ಚನ್ನಬಸವಣ್ಣನವರು. "ಜೋಗಯ್ಯ ಅಲ್ಲ ಅಂತಾದ್ರೆ ಇನ್ನೊಬ್ಬರು ಅಂತಾಗ್ತದೆ. ಆ ಇನ್ನೊಬ್ಬರು ಯಾರೇ ಆದ್ರೂ ನಾನು ಹೇಳಿಬಿಡ್ತೀನಿ. ಆಗ ಬೇಡ ಅಂದ್ರೆ ಕೇಳೋದಿಲ್ಲ. ಈಗಲೇ ಯೋಚನೆ ಮಾಡಿ."

"ಮಾಡೇ ಬಂದಿವ್ನಿ. ಯಾರೇ ಆಗ್ಲಿ. ನನ್ನ ದೆಸೆಯಿಂದ ಆ ಮನ್ಸ ಗಲ್ಲಿಗೆ ಹೋಗಬಾರ್ದು."

ನನ್ನ ದೆಸೆಯಿಂದ ಎಂದರೇನು ಎಂದು ನಾನು ಕೇಳಿದೆ. ಅವರು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಮಧ್ಯಾಹ್ನದ ಬಸ್ಸಿಗೆ ನಾವಿಬ್ಬರೂ ಹೊರಟೆವು. ಶ್ರಾವಣದ ತುಂತುರು ಬಿಡುತ್ತಾ ಹಿಡಿಯುತ್ತಾ ಇತ್ತು. ಬ್ಯಾರನ್ ಹತ್ತಿರ ಸಬ್ ಇನ್ಸ್‌ಪೆಕ್ಟರ್ ಚಾಮಯ್ಯ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಳ್ಳೆಯ ಮನುಷ್ಯ, ಆದರೆ ಕೈಗೆ ಸಿಕ್ಕ ಕಳ್ಳನನ್ನು ಬಿಟ್ಟು ಇನ್ನೊಬ್ಬನನ್ನು ಹುಡುಕುವಷ್ಟು ಉತ್ಸಾಹದವರಲ್ಲ. ನಮ್ಮನ್ನು ಕಂಡು ನಕ್ಕು, ಸೋಮಯ್ಯನವರ ಮುಂದಿನ ಪುಸ್ತಕಕ್ಕೆ ಇಲ್ಲಿ ಸರಕಿಲ್ಲ ಎಂದರು. ಆದರೂ ಎಲ್ಲವನ್ನೂ ತೋರಿಸಿದರು.

ಸರ್ಕಾರಿ ಡಾಕ್ಟರು ಹೇಳಿದಂತೆ ಕಂಠಪ್ಪ ಸತ್ತದ್ದು ಮುಸ್ಸಂಜೆಯಲ್ಲಿ, ರಾತ್ರಿ ಊಟದ ಹೊತ್ತಿಗೆ ಮೊದಲೇ. ಜೋಗಯ್ಯ ಊರು ಬಿಟ್ಟದ್ದೂ ಅದೇ ಹೊತ್ತಿಗೆ. ರಕ್ತ ಚೆಲ್ಲಿದ್ದು ಒಲೆಯ ಬಾಯಿಯ ಮುಂದೆ, ಹೆಣ ಸಿಕ್ಕಿದ್ದು ಒಂದು ಮಾರು ದೂರದ ಗೋಡೆ ಬದಿಯಲ್ಲಿ. ನಡುವೆ ಬೂದಿ ಹರಡಿದ್ದ ನೆಲದ ಮೇಲೆ ಎಳೆದ ಗುರುತು ಇನ್ನೂ ಇತ್ತು. ಹೆಣವನ್ನು ಒಲೆಗೆ ನೂಕಲು ಹೋಗಿ ಧೈರ್ಯ ಸಾಲದೆ ಬಿಟ್ಟಿದ್ದಾನೆ ಎಂದರು ಚಾಮಯ್ಯ. ಚನ್ನಬಸವಣ್ಣನವರು ಮಂಡಿಯೂರಿ ಆ ಗುರುತನ್ನು ಈ ತುದಿಯಿಂದ ಆ ತುದಿಗೆ ನೋಡಿ, ಸೌದೆ ರಾಶಿಯಿಂದ ಒಲೆಯವರೆಗೆ ಒಮ್ಮೆ ನಡೆದು ಬಂದರು.

ಆಮೇಲೆ ಅವರ ಕಣ್ಣು ಬ್ಯಾರನ್ ಸೂರಿನ ಗವಾಕ್ಷಿಗಳ ಕಡೆ ಹೋಯಿತು. ಅವನ್ನು ಕೆಳಗಿನಿಂದಲೇ ಹಗ್ಗ ಎಳೆದು ಮುಚ್ಚುತ್ತಾರೆ, ತೆರೆಯುತ್ತಾರೆ. ಮೊದಮೊದಲು ಎಲೆಯ ನೀರು ಆವಿಯಾಗಿ ಹೋಗಲೆಂದು ತೆರೆದಿಡುತ್ತಾರೆ. ಎಲೆ ಒಣಗಿ ಅದರ ದಂಟು ಮಾತ್ರ ಹಸಿಯಾಗಿ ಉಳಿದಾಗ ಮುಚ್ಚಿ, ಉರಿ ಏರಿಸುತ್ತಾರೆ. ಕೊಲೆಯಾದ ಸಂಜೆ ಅಂಕಯ್ಯ ಎತ್ತು ಹೊಡೆದುಕೊಂಡು ಮನೆಗೆ ಹೋಗುವಾಗ ಗವಾಕ್ಷಿಯಿಂದ ಆವಿ ಏಳುತ್ತಿತ್ತಂತೆ. ಬೆಳಿಗ್ಗೆ ಚಾಮಯ್ಯ ಬಂದಾಗ ಮುಚ್ಚಿತ್ತು. ನೀನೇನಾದರೂ ಮುಚ್ಚಿದೆಯಾ ಎಂದು ಅಂಕಯ್ಯನನ್ನು ಕೇಳಿದರೆ ಅವನಿಗೆ ಸಿಟ್ಟೇ ಬಂತು. ರಾಗಿ, ಹುರುಳಿ ಬೆಳೆಯುವವನು ತಾನು, ಹೊಗೆಸೊಪ್ಪನ್ನು ಕೈಯಲ್ಲೂ ಮುಟ್ಟಿದವನಲ್ಲ, ಯಾವ ಹಗ್ಗ ಯಾತಕ್ಕೆ ಎಂದು ತನಗೇನು ಗೊತ್ತು ಎಂದ. ಊರವರೂ ಹೌದೆಂದರು. ಹೊಲದ ಬದುವಿನ ವಿಷಯಕ್ಕೆ ಕಂಠಪ್ಪನಿಗೂ ಅಂಕಯ್ಯನಿಗೂ ವರ್ಷಗಳಿಂದ ಮಾತಿಲ್ಲ ಎಂಬುದನ್ನೂ ಹೇಳಿದರು. ನಾನು ಅಂಕಯ್ಯನ ಮುಖವನ್ನು ಚೆನ್ನಾಗಿ ನೋಡಿಕೊಂಡೆ. ಕೆನ್ನೆಯ ಮೇಲೆ ಒಂದು ಗಾಯದ ಗುರುತೂ ಇತ್ತು.

ಒಳಗೆ ಎಲೆ ಇನ್ನೂ ತೂಗಾಡುತ್ತಿತ್ತು. ಇಡೀ ಬ್ಯಾರನ್‌ನಲ್ಲಿ ಒಂದು ಕಪ್ಪು ಎಲೆ ಇಲ್ಲ, ಎಲ್ಲ ನಿಂಬೆಹಣ್ಣಿನ ಬಣ್ಣ. ಚನ್ನಬಸವಣ್ಣನವರು ಒಂದೆರಡು ದಂಟು ಮುರಿದು ನೋಡಿ ಬಾಗಿಲು ಹಾಕಿದರು.

ಮನೆಯಲ್ಲಿ ತಿಮ್ಮಮ್ಮ ಮಗನ ಹೆಸರು ಹೇಳಿ ಅಳುತ್ತಿದ್ದರು. ಸೊಸೆಯನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೇ. ಆದರೂ ಆ ರಾತ್ರಿ ಸೊಸೆ ಪಕ್ಕ ಬಿಟ್ಟು ಕದಲಲಿಲ್ಲ ಎಂದು ಒಪ್ಪಿಕೊಂಡರು. ಮಂಡಿ ನೋವಿಗೆ ತಮಗೆ ಕಣ್ಣು ಹತ್ತಲಿಲ್ಲ, ಇವಳು ಬೆಳಗಿನ ತನಕ ಬಿಕ್ಕುತ್ತಲೇ ಇದ್ದಳು ಎಂದರು. ಏಕೆ ಎಂದು ಕೇಳಿದ್ದಕ್ಕೆ ಮುಖ ತಿರುಗಿಸಿ, "ಗಂಡ ಅಂದ್ಮೇಲೆ ಒಂದೇಟು ಹೊಡೀತಾನೆ, ಅದ್ಕೆಲ್ಲ ರಂಪ ಮಾಡ್ತಾರಾ," ಎಂದುಬಿಟ್ಟರು.

ಪಿರಿಯಾಪಟ್ಟಣದ ಠಾಣೆಯ ಹೊರಗೆ ಜೋಗಯ್ಯನ ಹೆಂಡತಿ ನಿಂಗಿ ಗೋಡೆಗೆ ಒರಗಿ ಕೂತಿದ್ದಳು. ಹಾಡಿಗೆ ಹೋಗು ಎಂದು ಪೇದೆ ಗದರಿಸಿದರೂ ಎದ್ದಿರಲಿಲ್ಲವಂತೆ. "ಅವ್ನ ಬುಡೋಗಂಟ ಇಲ್ಲೇ ಕುಂತಿರ್ತೀನಿ," ಎಂದಳು ನಮಗೂ. ಒಳಗೆ ಜೋಗಯ್ಯನ ಒಂದು ಕಣ್ಣು ಊದಿಕೊಂಡಿತ್ತು. ಅಂದು ನಡೆದದ್ದೇನು ಎಂದು ಚನ್ನಬಸವಣ್ಣನವರು ಕೇಳಿದರು.

"ಮನೆ ಅವ್ವನ ಕೈ ತಿರುವ್ತಿದ್ದ ಯಜಮಾನ, ಬುದ್ದಿ. ಮುರಿದೋಯ್ತದೆ ಬುಡಿ ಅಂದೆ. ನಂಗೂ ಎರಡು ಬಿಗಿದ, ವೋಗ್ಲಾ ಅಂದ. ವೋದೆ."

ಉಳಿದದ್ದನ್ನು ಅವನು ನಿಧಾನವಾಗಿ ಹೇಳಿದ. ಹೊರಡುವಾಗ ಎಲೆ ಒಣಗಿತ್ತು, ದಂಟು ಹಸಿಯಾಗೇ ಇತ್ತು, ಗವಾಕ್ಷಿ ತೆರೆದಿತ್ತು. ಹುಣಸೂರಿನ ತನಕ ನಡೆದು, ಅಲ್ಲಿಂದ ಮರದ ಲಾರಿಯಲ್ಲಿ ಹ್ಯಾಂಡ್‌ಪೋಸ್ಟ್ ಸೇರಿದ. ನಸುಕಿನಲ್ಲಿ ಅಂಗಡಿ ತೆರೆದಾಗ ಅವನು ಅಲ್ಲೇ ಇದ್ದನೆಂದು ಟೀ ಅಂಗಡಿಯವನೂ ಹೇಳಿದ್ದ. ಹೇಳಿದರೇನಾಯಿತು, ಕೊಂದಾದ ಮೇಲೆ ತಾನೇ ಹೊರಟದ್ದು ಎಂಬುದು ಚಾಮಯ್ಯನವರ ವಾದ. ಯಜಮಾನನಿಂದ ಏಟು ತಿಂದವನಿಗೆ ಕಾರಣವೂ ಇತ್ತಲ್ಲ ಎಂದರು. ಸರ್ವಮಂಗಳ ತಮ್ಮ ಕೈಯ ಗಾಯವನ್ನು ಪೊಲೀಸರಿಗೆ ಏಕೆ ತೋರಿಸಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ತೋರಿಸಿದ್ದರೆ ಜೋಗಯ್ಯನ ಕೊರಳ ಹಗ್ಗ ಇನ್ನಷ್ಟು ಬಿಗಿಯುತ್ತಿತ್ತು.

ಮಾರನೆಯ ದಿನ ಚನ್ನಬಸವಣ್ಣನವರು ನನ್ನನ್ನು ಬಿಟ್ಟು ಒಬ್ಬರೇ ಎಲ್ಲಿಗೋ ಹೋದರು. ನಾನು ಸುಮ್ಮನೆ ಕೂರಲಿಲ್ಲ. ಅಂಕಯ್ಯನನ್ನೇ ಕೊಲೆಗಾರನನ್ನಾಗಿಟ್ಟು ಕಾದಂಬರಿಯ ಹಂದರ ಹಾಕಿದೆ. ಬದುವಿನ ಜಗಳ, ಕೆನ್ನೆಯ ಗಾಯ, ಎಲ್ಲವೂ ತಾನಾಗಿ ಕೂಡಿಬಂತು. ಕೊನೆಯಲ್ಲಿ ವಿಧವೆ ಅಕ್ಕನ ಮನೆಯಲ್ಲಿ ತಮ್ಮನ ಮದುವೆ. ಬರೆಯುತ್ತಾ ನನಗೇ ಸಂತೋಷವಾಯಿತು.

ಸಂಜೆ ಚನ್ನಬಸವಣ್ಣನವರು ಬಂದು ಊಟ ಬೇಡವೆಂದರು. ನಾನು ಹಂದರ ಓದಿ ಹೇಳಿದೆ. ಪೂರ್ತಿ ಕೇಳಿ, "ಈ ಸಲ ಮದುವೆ ಊಟ ಇಲ್ಲ ಸೋಮಯ್ಯ," ಎಂದರು.

ನನಗೆ ರೇಗಿತು. ಹಗಲೆಲ್ಲ ದುಡಿದು ಸೋತು ಬಂದವರು ದೀಪದ ಮುಂದೆ ಕೂತು ಅಳುವುದಕ್ಕೆ ಪುಸ್ತಕ ಹಿಡಿಯುವುದಿಲ್ಲ, ಕೊಲೆ ಸುಲಿಗೆ ಓದಿದವರಿಗೆ ಕೊನೆಯಲ್ಲಾದರೂ ಸಮಾಧಾನ ಬೇಡವೇ, ಸರ್ವಮಂಗಳ ಅವರೇ ಅಂಥ ಪುಸ್ತಕ ಕೇಳಿ ಒಯ್ಯುತ್ತಾರೆ ಎಂದೆ.

"ಅಳಿಸು ಅಂತ ನಾನೆಲ್ಲಿ ಹೇಳ್ದೆ? ನ್ಯಾಯ ಆಗ್ಲಿ ಅಂದೆ. ನ್ಯಾಯ ಆದಾಗ ಅಳು ಬಂದ್ರೆ, ಆ ಅಳುಗೆ ಹೆದರಿ ನ್ಯಾಯ ಬಿಡೋಕಾಗ್ತದಾ?" ಎಂದರು. ಅಷ್ಟು ಹೇಳಿ ತಮ್ಮ ಕೋಣೆಗೆ ಹೋದರು.

ಮರುದಿನ ಬೆಳಿಗ್ಗೆ ಎಲ್ಲರೂ ಬ್ಯಾರನ್ ಮುಂದೆ ಸೇರಿದೆವು. ಚನ್ನಬಸವಣ್ಣನವರ ಮಾತಿಗೆ ಬೆಲೆ ಕೊಟ್ಟು ಚಾಮಯ್ಯ ಜೋಗಯ್ಯನನ್ನೂ ಕರೆತಂದಿದ್ದರು. ಅವನ ಹಿಂದೆಯೇ ನಿಂಗಿ ಬಂದಿದ್ದಳು. ತಿಮ್ಮಮ್ಮ ಚಾಪೆಯ ಮೇಲೆ ಕೂತಿದ್ದರು, ಅವರ ಹಿಂದೆ ಸರ್ವಮಂಗಳ. ವೀರಭದ್ರಸ್ವಾಮಿ ಅಕ್ಕನ ಪಕ್ಕದಲ್ಲಿ ನಿಂತಿದ್ದ. ಇಪ್ಪತ್ತೈದರ ಹತ್ತಿರದ ಹುಡುಗ, ಮೃದು ಮುಖದವನು. ಅಂಕಯ್ಯ ದೂರದಲ್ಲಿ ಕೈಕಟ್ಟಿ ನಿಂತಿದ್ದ.

"ಈ ಒಲೆಯಿಂದಲೇ ಶುರು ಮಾಡ್ತೀನಿ," ಎಂದರು ಚನ್ನಬಸವಣ್ಣನವರು. ಕಂಠಪ್ಪ ಸತ್ತದ್ದು ಮುಸ್ಸಂಜೆಯಲ್ಲಿ. ಬೆಳಗಾದಾಗ ಒಲೆ ಚೆನ್ನಾಗಿ ಉರಿಯುತ್ತಿತ್ತು. ಎಷ್ಟು ದಪ್ಪ ಕೊರಡು ಹಾಕಿದರೂ ಸಂಜೆಯ ಬೆಂಕಿ ಬೆಳಗಿನವರೆಗೆ ಹಾಗೆ ಉರಿಯುವುದಿಲ್ಲ. ನಡುವೆ ಆರಿ ತಣ್ಣಗಾಗಿದ್ದರೆ ಒಳಗಿನ ಎಲೆಯಲ್ಲಿ ಅರ್ಧವಾದರೂ ಕಪ್ಪಾಗಬೇಕಿತ್ತು. ಒಂದೂ ಆಗಿಲ್ಲ. ಅಂದರೆ ಯಾರೋ ರಾತ್ರಿಯೆಲ್ಲ ಸೌದೆ ಹಾಕಿದ್ದಾರೆ. ಹೆಣ ಪಕ್ಕದಲ್ಲೇ ಇದ್ದಾಗ ಬೇರೆ ಯಾರಾದರೂ ಆಗಿದ್ದರೆ ಕೂಗಿ ಊರು ಸೇರಿಸುತ್ತಿದ್ದರು. ಕೂಗದೆ ಕೂತು ಬೆಂಕಿ ನೋಡಿಕೊಂಡವನು ಕೊಂದವನೇ.

ಚಾಮಯ್ಯ ಎಳೆದ ಗುರುತಿನ ಮಾತೆತ್ತಿದರು. ಅದಕ್ಕೂ ಉತ್ತರವಿತ್ತು. ರಕ್ತ ಒಲೆಯ ಬಾಯಿಯಲ್ಲಿ, ಹೆಣ ಗೋಡೆ ಬದಿಯಲ್ಲಿ. ಬೆಂಕಿಗೆ ನೂಕುವವನು ಹೆಣವನ್ನು ಒಲೆಯಿಂದ ಆಚೆಗೆ ಏಕೆ ಎಳೆಯುತ್ತಾನೆ? ಹೆಣ ಬಿದ್ದದ್ದು ಸೌದೆ ರಾಶಿಗೂ ಒಲೆಗೂ ನಡುವೆ, ಸೌದೆ ಹಾಕಲು ಅಡ್ಡವಾಗಿತ್ತು. ಅದಕ್ಕೇ ಪಕ್ಕಕ್ಕೆ ಸರಿಸಿದ.

"ಇನ್ನು ಗವಾಕ್ಷಿ. ಸಂಜೆ ತೆರೆದಿತ್ತು, ಬೆಳಿಗ್ಗೆ ಮುಚ್ಚಿತ್ತು. ದಂಟು ಒಣಗಿಸೋ ಹೊತ್ತು ಬಂದಾಗ ಮುಚ್ಚಿ ಉರಿ ಏರಿಸಿದ್ದಾನೆ. ಬ್ಯಾರನ್ ಕೆಲಸ ಬಲ್ಲವನಿಗೆ ಮಾತ್ರ ಅದು ಗೊತ್ತು."

ಒಬ್ಬೊಬ್ಬರನ್ನಾಗಿ ಅವರು ಅನುಮಾನದಿಂದ ಬಿಡುತ್ತಾ ಬಂದರು. ಜೋಗಯ್ಯನಿಗೆ ಕೆಲಸ ಗೊತ್ತು, ಆದರೆ ನಸುಕಿಗೆ ಹ್ಯಾಂಡ್‌ಪೋಸ್ಟಿನಲ್ಲಿದ್ದವನು ರಾತ್ರಿಯೆಲ್ಲ ದಾರಿಯಲ್ಲಿದ್ದಿರಬೇಕು, ಇಲ್ಲಿ ಕೂತು ಸೌದೆ ಹಾಕಲಾರ. ಅಂಕಯ್ಯ ಇಲ್ಲೇ ಇದ್ದ, ಆದರೆ ಅವನಿಗೆ ಬ್ಯಾರನ್ ಕೆಲಸ ಬ್ರಹ್ಮವಿದ್ಯೆ. ಸಾಲದ್ದಕ್ಕೆ, ವೈರಿಯ ಎಲೆ ಉಳಿಸುವುದಕ್ಕೆ ಅವನೇಕೆ ನಿದ್ದೆಗೆಡಬೇಕು? ಸರ್ವಮಂಗಳ ಅವರಿಗೆ ಕೆಲಸ ಗೊತ್ತು, ಆದರೆ ಅವರು ಪಕ್ಕ ಬಿಟ್ಟು ಎದ್ದಿಲ್ಲ ಎಂದು ಹೇಳಿದವರು ತಿಮ್ಮಮ್ಮ. ಸೊಸೆಯನ್ನು ಉಳಿಸಲು ಅವರು ಸುಳ್ಳು ಹೇಳುವವರಲ್ಲ. ಅಂಕಯ್ಯನ ಹೆಸರು ಹೀಗೆ ಸುಲಭವಾಗಿ ಬಿದ್ದುಹೋದಾಗ ನನ್ನ ಕಾದಂಬರಿಯೂ ಬಿದ್ದುಹೋಯಿತು.

"ಈ ಎಲೆ ಹಾಳಾದ್ರೆ ತನಗೇ ಹಾಳಾದ ಹಾಗೆ ಅನ್ನೋನು ಆ ರಾತ್ರಿ ಇಲ್ಲಿ ಕೂತಿದ್ದ. ಅವನು ಯಾರು ಅನ್ನೋದನ್ನ ನನಗೆ ಹೇಳಿದ್ದು ನೀವೇ, ತಾಯಿ. ಗೊತ್ತಿಲ್ಲದೆ ಹೇಳಿದ್ರಿ."

ಸರ್ವಮಂಗಳ ತಲೆಯೆತ್ತಿದರು.

"ಸುದ್ದಿ ಕೇಳಿ ರಸ್ತೆಯಿಂದಲೇ ಒಬ್ಬ ಕೂಗಿದ, ಬೆಂಕಿ ಎಳೀರಿ, ದಂಟು ಒಣಗಿದೆ ಅಂತ. ಎಲೆ ಹಸಿರಾಗಿದ್ದಾಗ ಊರು ಬಿಟ್ಟವನು ಅವನು. ಒಂದು ಬ್ಯಾರನ್ ಇದ್ದ ಹಾಗೆ ಇನ್ನೊಂದಿಲ್ಲ. ಮಳೆಗೆ ಒಂದು ಥರ, ಬಿಸಿಲಿಗೆ ಒಂದು ಥರ. ಒಳಗೆ ಹೋಗಿ ದಂಟು ಮುರಿದು ನೋಡದೆ ಯಾವ ರೈತನೂ ಆ ಮಾತು ಆಡೋದಿಲ್ಲ. ಅವನು ನೋಡಿದ್ದ. ಕೊನೇ ಕೊರಡು ಹಾಕಿ, ಇದು ಉರಿದ್ರೆ ಸಾಕು ಅಂತ ತಿಳಿದೇ ನಸುಕಿನಲ್ಲಿ ರಸ್ತೆ ಕಡೆ ಹೋದ. ಆಮೇಲೆ ಬಸ್ಸಿಳಿದವನ ಹಾಗೆ ಬಂದ. ಹೆಣ ಕಂಡವರೆಲ್ಲ ಒಲೆ ಮರೆತಿದ್ರು. ಅವನಿಗೆ ತಡೆಯೋಕಾಗ್ಲಿಲ್ಲ."

ಯಾರೂ ವೀರಭದ್ರಸ್ವಾಮಿಯ ಕಡೆ ನೋಡಲಿಲ್ಲ. ನೋಡಿದ್ದು ಜೋಗಯ್ಯ ಒಬ್ಬನೇ. ತಾನು ಅಂದಾಜಿನ ಮೇಲೆ ಕೂಗಿದ್ದೆಂದು ವೀರಭದ್ರಸ್ವಾಮಿ ತೊದಲಿದ. ಅಂದಾಜನ್ನು ನಂಬಿ ತಾನು ಇಲ್ಲಿಗೆ ಬಂದಿಲ್ಲ ಎಂದರು ಚನ್ನಬಸವಣ್ಣನವರು. ಹಿಂದಿನ ದಿನ ಅವರು ಹೋಗಿದ್ದು ಕೆ.ಆರ್. ನಗರಕ್ಕೆ. ಭತ್ತ ತಂದಿದ್ದ ಈ ಊರಿನವನೊಬ್ಬ ನಿನ್ನ ಅಕ್ಕನ ಬಾಳು ದಿನಾ ಏಟು ತಿನ್ನುವುದಾಗಿದೆ ಎಂದು ಹೇಳಿದನಂತೆ, ಹಾಗೆಂದ ಕೂಡಲೇ ವೀರಭದ್ರ ಗಿರಣಿ ಬಿಟ್ಟು ಪಿರಿಯಾಪಟ್ಟಣದ ಬಸ್ಸು ಹತ್ತಿದನಂತೆ. ಅದು ಕೊಲೆಯಾದ ದಿನದ ಮಧ್ಯಾಹ್ನ. ಗಿರಣಿಯ ಹಮಾಲಿಗಳೆಲ್ಲ ನೋಡಿದ್ದರು.

ಸರ್ವಮಂಗಳ ಎದ್ದು ತಮ್ಮನ ಎದುರಿಗೆ ಹೋಗಿ ನಿಂತರು.

"ಒಲೆಗೆ ಸೌದೆ ಹಾಕ್ದೋನು ನೀನಾ ಭದ್ರ?"

"ಹೂಂ ಅಕ್ಕ," ಎಂದ ಅವನು. ಹೇಳಿದ ಮೇಲೆ ಅವನ ಮುಖ ಸ್ವಲ್ಪ ಹಗುರಾದಂತೆ ಕಂಡಿತು. ಕೇಳೋಣವೆಂದು ಬಂದವನಿಗೆ ಭಾವ ಒಲೆಯ ಮುಂದೆ ಸಿಕ್ಕಿದ. ಇವತ್ತು ನಿನ್ನ ಅಕ್ಕನ ಒಂದು ಕೈ ತಿರುವಿದ್ದೇನೆ, ನೀನು ಹೀಗೆ ಕೇಳಲು ಬಂದರೆ ಇನ್ನೊಂದನ್ನೂ ಮುರಿಯುತ್ತೇನೆ ಎಂದು ನಕ್ಕನಂತೆ. ಕೈಗೆ ಸೌದೆ ಹೇಗೆ ಬಂತೋ ತಿಳಿಯದು ಎಂದ. "ಸತ್ತೋದ ಅಂತ ಗೊತ್ತಾದ್ಮೇಲೆ ಓಡೋಣ ಅಂತ್ಲೇ ಎದ್ದೆ. ಒಲೆ ಇಳೀತಾ ಇತ್ತು. ಎಲೆನೂ ಹೋದ್ರೆ ನೀ ಏನ್ ತಿಂದು ಬದುಕ್ತೀಯ ಅನ್ನುಸ್ತು. ಒಂದ್ ಕೊರಡು ಹಾಕ್ದೆ. ಆಮೇಲೆ ಬುಟ್ಟೋಗೋಕೆ ಆಗ್ಲಿಲ್ಲ."

ತಿಮ್ಮಮ್ಮ ದೊಡ್ಡ ದನಿಯಲ್ಲಿ ಅಳತೊಡಗಿದರು. ಆಮೇಲೆ ಅಂಕಯ್ಯ ಚಾಮಯ್ಯನವರ ಹತ್ತಿರ ಬಂದು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ. "ಬುಡಿ ಸ್ವಾಮಿ. ವಯಸ್ಸಿನ ಉಡ್ಗ. ಕೇಸು ಎಂಗೂ ಮುಗ್ದಿತ್ತಲ್ಲ, ಕಾಡೋನು ಮಾಡ್ದ ಅಂತ. ಮನೆ ಮಾನ ಯಾಕೆ ಬೀದಿಗೆ ತತ್ತೀರಿ?"

ಕಂಠಪ್ಪನ ವೈರಿ ಕಂಠಪ್ಪನನ್ನು ಕೊಂದವನ ಪರವಾಗಿ ಮಾತಾಡುತ್ತಿದ್ದ. ನಿಜ ಹೇಳುತ್ತೇನೆ, ಆ ಕ್ಷಣ ಅಲ್ಲಿದ್ದ ಅರ್ಧ ಜನಕ್ಕೆ ಅದು ಸರಿಯೆಂದೇ ತೋರಿತು. ಹುಡುಗನ ಮುಖ ನೋಡಿ ನನಗೂ ಹಾಗೇ ಅನ್ನಿಸಿತು. ನಿಂಗಿ ಮುಂದೆ ಬಂದು ಗಂಡನ ತೋಳು ಹಿಡಿದುಕೊಂಡಳು.

ಸರ್ವಮಂಗಳ ಅಂಕಯ್ಯನ ಮಾತಿಗೆ ತಿರುಗಿಯೂ ನೋಡಲಿಲ್ಲ. ತಮ್ಮನಿಗೇ ಹೇಳಿದರು. "ಅವರನ್ನ ಹೊಡೆದದ್ದಕ್ಕೆ ನಾ ಏನೂ ಅನ್ನಾಕಿಲ್ಲ ಭದ್ರ. ನನ್ನ ಕಷ್ಟ ಕೇಳಿ ಮಾಡ್ದೆ, ಅದ್ರಾಗೆ ನಂಗೂ ಪಾಲೈತೆ. ಆದ್ರೆ ನಂಗೋಸ್ಕರ ಏಟು ತಿಂದೋನ್ನ ಹಿಡ್ಕಂಡೋದ್ರು, ಕಣ್ಣು ಊದೋ ಅಂಗೆ ಹೊಡೆದ್ರು. ನೀನು ನನ್ನ ಪಕ್ಕ ಕೂತು ಮುದ್ದೆ ಉಣ್ತಿದ್ದೆ. ಅದನ್ನ ನಾ ಎಂಗೆ ನುಂಗ್ಲಿ? ನಡಿ. ಇವ್ರ ಜೊತೆ ಹೋಗು. ಹೋಗೋಕ್ ಮುಂಚೆ ಜೋಗಯ್ಯನ ಹತ್ರ ತಪ್ಪಾಯ್ತು ಅಂತ ಕೇಳ್ಕಂಡು ಹೋಗು."

ಹುಡುಗ ಜೋಗಯ್ಯನ ಮುಂದೆ ಹೋಗಿ ನಿಂತು ಕೈ ಮುಗಿದ. ಜೋಗಯ್ಯ ಬೇಡಿ ಹಾಕಿದ್ದ ಕೈಯನ್ನು ಪೇದೆಯ ಕಡೆ ಚಾಚಿದ. ಪೇದೆ ಬೇಡಿ ಬಿಚ್ಚಿದ ಕೂಡಲೇ ನಿಂಗಿಯ ಜೊತೆ ರಸ್ತೆ ಹಿಡಿದ. ಅದೇ ಬೇಡಿಯನ್ನು ಚಾಮಯ್ಯ ತಾವೇ ವೀರಭದ್ರಸ್ವಾಮಿಯ ಕೈಗೆ ಹಾಕಿದರು. ಜೀಪು ಕಣ್ಮರೆಯಾಗುವ ತನಕ ನೆಟ್ಟಗೆ ನಿಂತಿದ್ದ ಸರ್ವಮಂಗಳ, ಆಮೇಲೆ ಬೂದಿಯ ನೆಲದ ಮೇಲೇ ಕುಸಿದು ಕೂತರು. ನನಗೂ ಅಳು ಬಂತು. ಚನ್ನಬಸವಣ್ಣನವರೂ ಕಣ್ಣೊರೆಸಿಕೊಂಡರು.

ಮೈಸೂರಿನ ಕೋರ್ಟಿನಲ್ಲಿ ವೀರಭದ್ರಸ್ವಾಮಿ ಯಾವುದನ್ನೂ ಮುಚ್ಚಿಡಲಿಲ್ಲ. ಭಾವ ಆಡಿದ ಮಾತನ್ನೂ ಅಕ್ಕನ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ನ್ಯಾಯಾಧೀಶರು ಗಲ್ಲು ತಪ್ಪಿಸಿ ಜೈಲು ಕೊಟ್ಟರು. ಆ ಹೊತ್ತಿಗೆ ನಾನು ಕಾದಂಬರಿಯನ್ನು ಕೊನೆಯ ಅಧ್ಯಾಯದವರೆಗೆ ಬರೆದು ನಿಲ್ಲಿಸಿದ್ದೆ. ಮುಂದಕ್ಕೆ ಕೈ ಓಡುತ್ತಿರಲಿಲ್ಲ. ಒಂದು ದಿನ ಸರ್ವಮಂಗಳ ಲೈಬ್ರರಿಗೆ ಬಂದಾಗ ಧೈರ್ಯ ಮಾಡಿ ಹೇಳಿದೆ. ಪುಸ್ತಕದಲ್ಲಾದರೂ ನಿಮ್ಮ ತಮ್ಮನನ್ನು ಉಳಿಸುತ್ತೇನೆ, ಕೊಂದವನು ಬೇರೆ ಯಾರೋ ಎಂದು ಮಾಡುತ್ತೇನೆ, ಅಕ್ಕ ತಮ್ಮ ಒಂದಾಗಿ ಸುಖವಾಗಿರಲಿ ಎಂದೆ. ಅವರಿಗೆ ಸಂತೋಷವಾಗುತ್ತದೆ ಎಂದು ನಿಜವಾಗಿಯೂ ನಂಬಿದ್ದೆ.

"ಬೇರೆ ಯಾರು?" ಎಂದು ಕೇಳಿದರು.

ದಾರಿಹೋಕ ಲಾರಿ ಡ್ರೈವರ್ ಒಬ್ಬ, ಯಾವ ಊರಿನವನೋ ಯಾರಿಗೂ ಗೊತ್ತಿಲ್ಲ ಎಂದೆ.

"ಪೊಲೀಸ್ನೋರೂ ಅಂಗೇ ಅಲ್ವಾ ಮಾಡಿದ್ದು? ಯಾರೋ ಹೊರಗ್ನೋನು ಅಂದ್ರು, ಊರ್ಗೆಲ್ಲ ಸಮಾಧಾನ ಆಯ್ತು. ನಾನೂ ನಿಮ್ಮ ಪುಸ್ತಕ ಓದಿ ಅಂಗೇ ಸಮಾಧಾನ ಮಾಡ್ಕತಿದ್ದೆ. ಆ ಹೊರಗ್ನೋನ ಎಂಡ್ತೀನೂ ಎಲ್ಲೋ ಒಂದು ಠಾಣೆ ಮುಂದೆ ಕುಂತಿರ್ತಾಳೆ ಅಂತ ಆಗ ಗೊತ್ತಿರ್ನಿಲ್ಲ." ಸ್ವಲ್ಪ ತಡೆದು ಹೇಳಿದರು. "ನಡೆದಂಗೇ ಬರೀರಿ ಸೋಮಯ್ಯನೋರೆ. ಅವ್ನು ಜೈಲಿಗೆ ಹೋದ ಅಂತ್ಲೇ ಬರೀರಿ. ಓದೋರು ಅತ್ಕೊಳ್ಳಿ. ಜೋಗಯ್ಯನ ಜೊತೆ ಅವ್ನಿಗೂ ಸೇರ್ಸಿ ಅಳೋ ಅಂಗೆ ಬರೀರಿ."

ಹಾಗೆಯೇ ಬರೆದೆ. ಪ್ರಕಾಶಕರು ಗೊಣಗುತ್ತಲೇ ಅಚ್ಚು ಹಾಕಿದರು. ಮೊದಲ ಪ್ರತಿಯನ್ನು ಸರ್ವಮಂಗಳ ಜೈಲಿಗೆ ಹೋದಾಗ ತಮ್ಮನಿಗೆ ಕೊಟ್ಟು ಬಂದರು. ಮುಂದಿನ ಸಲ ಹೋದಾಗ ಅವನು ಓದಿ ಮುಗಿಸಿದ್ದನಂತೆ. ಕೊನೆ ಸರಿಯಾಗಿದೆ ಅಕ್ಕ ಎಂದನಂತೆ, ಆಮೇಲೆ ಕಂಬಿಯ ಆಚೆ ನಿಂತು ಮೊದಲ ಸಲ ಅತ್ತನಂತೆ.